ವಿಸ್ಪರ್‌ಟರ್ಮಿನೆನ್‌ಗೆ ಪ್ಯಾಕೇಜ್ ಬೇಡ, ಹಳದಿ ಬಸ್ ಸಾಕು

ಸ್ವಿಟ್ಜರ್ಲೆಂಡಿನ ಜರ್ಮಾಟ್‌ಗೆ ಹೋಗುವ ನಮ್ಮವರೆಲ್ಲ ವಿಸ್ಪ್ ಸ್ಟೇಷನ್ನಿನಲ್ಲಿ ರೈಲು ಬದಲಿಸುತ್ತಾರೆ, ಸ್ಟೇಷನ್ ಬಿಟ್ಟು ಹೊರಗೆ ಬರುವವರು ಕಡಿಮೆ. ಹೊರಗೆ ಹಳದಿ ಪೋಸ್ಟ್ ಬಸ್ ನಿಂತಿರುತ್ತದೆ. ಹತ್ತಿ ಕೂತರೆ ಅರ್ಧ ಗಂಟೆಯೊಳಗೆ ವಿಸ್ಪರ್‌ಟರ್ಮಿನೆನ್ ಎಂಬ ಬೆಟ್ಟದ ಹಳ್ಳಿ. ಸ್ವಿಸ್ ಟ್ರಾವೆಲ್ ಪಾಸ್ ಇದ್ದವರಿಗೆ ಬೇರೆ ಟಿಕೆಟ್ ಬೇಕಿಲ್ಲ. ಇದೇ ಹಳ್ಳಿಗೆ ಕರೆದೊಯ್ಯಲು ಒಬ್ಬ ಏಜೆಂಟ್ ನನ್ನಿಂದಲೂ ನನ್ನ ಹೆಂಡತಿಯಿಂದಲೂ ಪಾಸಿನ ದಿನದ ಬೆಲೆಗಿಂತ ಹೆಚ್ಚು ದುಡ್ಡು ಕಿತ್ತ. ‘ಯುರೋಪಿನ ಅತಿ ಎತ್ತರದ ದ್ರಾಕ್ಷಿ ತೋಟ’ ಅಂತ ಆಸೆ ಹುಟ್ಟಿಸಿ, ವ್ಯಾನಿನಲ್ಲಿ ತುಂಬಿಕೊಂಡು ಹೋಗಿ, ರಸ್ತೆಯ ತಿರುವಿನಲ್ಲಿ ಫೋಟೊಗೆ ಇಳಿಸಿ, ಚಿಕ್ಕ ಗ್ಲಾಸಿನಲ್ಲಿ ವೈನ್ ರುಚಿ ತೋರಿಸಿ ವಾಪಸ್ ಕರೆತಂದರು. ತೋಟದೊಳಗೆ ಕಾಲಿಡಲೂ ಬಿಡಲಿಲ್ಲ. ಮಾರನೆಯ ದಿನ ನಾವೇ ಬಸ್ ಹತ್ತಿದೆವು.

ಆ ‘ಅತಿ ಎತ್ತರ’ವನ್ನೂ ಹಾಗೇ ನಂಬಬೇಡಿ. ಇಲ್ಲಿಯ ತೋಟಗಳು ಸಮುದ್ರಮಟ್ಟದಿಂದ ಸುಮಾರು 650 ಮೀಟರಿನಿಂದ 1,150 ಮೀಟರಿನವರೆಗೆ ಇವೆ. ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದಲ್ಲಿ ಇದಕ್ಕಿಂತ ಎತ್ತರದಲ್ಲೂ ದ್ರಾಕ್ಷಿ ಬೆಳೆಯುತ್ತಾರೆ. ಆದರೆ ಹಿಮದ ಶಿಖರಗಳು ಕಣ್ಣೆದುರಿಗೇ ಇರುವಾಗ ಇಷ್ಟು ಮೇಲೆ ದ್ರಾಕ್ಷಿ ಹಣ್ಣಾಗುವುದು ನಿಜಕ್ಕೂ ಅಚ್ಚರಿ. ವಿಸ್ಪ್ ಇರುವ ವಾಲೇ ಕಣಿವೆಯ ಎರಡೂ ಬದಿಯ ಪರ್ವತಗಳು ಮಳೆಯನ್ನು ತಡೆಯುತ್ತವೆ. ವಿಸ್ಪ್‌ನಲ್ಲಿ ವರ್ಷಕ್ಕೆ ಬೀಳುವುದು 600 ಮಿಲಿಮೀಟರಿನ ಆಸುಪಾಸು. ಬಿಸಿಲು ಧಾರಾಳ. ‘ಫೋನ್’ ಎಂಬ ಬೆಚ್ಚನೆಯ ಒಣಗಾಳಿ ಶರತ್ಕಾಲದಲ್ಲಿ ಹಣ್ಣು ಮಾಗಿಸುತ್ತದೆ.

ಮಿಕ್ಕ ಕೆಲಸ ಗೋಡೆಗಳದ್ದು. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಜೋಡಿಸಿ ಕಟ್ಟಿದ, ಕೆಲವೆಡೆ ನನಗಿಂತ ಎತ್ತರದ ಗೋಡೆಗಳು. ಒಂದು ಗೋಡೆಯ ನೆತ್ತಿಗೂ ಮೇಲಿನದರ ಬುಡಕ್ಕೂ ನಡುವೆ ಎಷ್ಟೋ ಕಡೆ ಕೆಲವೇ ಸಾಲು ಬಳ್ಳಿ. ಸಂಜೆ ನೆರಳು ಬಿದ್ದ ಮೇಲೆ ಅಂಗೈ ಇಟ್ಟು ನೋಡಿದೆ, ಕಲ್ಲು ಇನ್ನೂ ಬಿಸಿ ಇತ್ತು. ಹಗಲಿನ ಆ ಕಾವೇ ರಾತ್ರಿ ಬಳ್ಳಿಗೆ ಆಸರೆ. ನೀರು ಬರುವುದು ‘ಸುವೊನೆನ್’ ಎಂಬ ಕಾಲುವೆಗಳಿಂದ. ಮಲೆನಾಡಿನಲ್ಲಿ ಅಡಿಕೆ ದಬ್ಬೆ ಜೋಡಿಸಿ ಅಬ್ಬಿ ನೀರು ತರುವಂತೆ, ಇಲ್ಲಿ ಬಂಡೆಗಳ ಪಕ್ಕದಲ್ಲಿ ಮರದ ತೊಟ್ಟಿಗಾಲುವೆ ಹಾಯಿಸಿ ಬೆಟ್ಟದ ತೊರೆಯ ನೀರನ್ನು ತೋಟಕ್ಕೆ ತಂದವರು ಹಳ್ಳಿಗರೇ.

ಇಲ್ಲಿಯ ಹೆಸರುವಾಸಿ ದ್ರಾಕ್ಷಿ ಹೈಡಾ. ಫ್ರಾನ್ಸಿನ ಜುರಾದಲ್ಲಿ ಸಾವನ್ಯಾ ಅನ್ನುವುದೂ ಇದನ್ನೇ. 1586ರ ದಾಖಲೆಯಲ್ಲೇ ಈ ಹಳ್ಳಿಯ ಹೈಡಾ ಸಿಗುತ್ತದೆ. ಪಿತ್ರಾರ್ಜಿತ ಆಸ್ತಿಯನ್ನು ಮಕ್ಕಳಿಗೆಲ್ಲ ಸಮನಾಗಿ ಹಂಚುವ ಪದ್ಧತಿಯಿಂದ ತೋಟಗಳು ತುಂಡು ತುಂಡಾದವು. ವಿಸ್ಪ್‌ನ ಲೋನ್ಜಾ ರಾಸಾಯನಿಕ ಕಾರ್ಖಾನೆಯಲ್ಲಿ ಕೆಲಸ ಮಾಡಿ, ಬಿಡುವಿನಲ್ಲಿ ಬಳ್ಳಿ ನೋಡಿಕೊಳ್ಳುವವರ ಊರಿದು. (ಮಾಡೆರ್ನಾ ಕೋವಿಡ್ ಲಸಿಕೆಯ ಮೂಲದ್ರವ್ಯ ತಯಾರಾದದ್ದೂ ಅದೇ ಕಾರ್ಖಾನೆಯಲ್ಲಿ.) ಇಷ್ಟು ಸಣ್ಣ ಹಿಡುವಳಿಗೆ ಒಬ್ಬೊಬ್ಬರೂ ವೈನ್ ಮಾಡಿ ಮಾರುವುದು ಕಷ್ಟ. 1970ರ ದಶಕದ ಕೊನೆಗೆ ಎಲ್ಲರೂ ಸೇರಿ ಸಂತ ಯೋಡರ್ನ್ ಹೆಸರಿನ ಸಹಕಾರಿ ವೈನರಿ ಕಟ್ಟಿಕೊಂಡರು. ಅದು ಬಸ್ ದಾರಿಯಲ್ಲೇ, ಉಂಟರ್‌ಸ್ಟಾಲ್ಡೆನ್‌ನಲ್ಲಿದೆ. ಹೈಡಾ ವೈನ್ ಬೇಕಾದವರು ಅಲ್ಲೇ ಕೊಳ್ಳಿ. ಸ್ವಿಸ್ ವೈನ್ ಹೊರದೇಶಕ್ಕೆ ಹೋಗುವುದೇ ನೂರಕ್ಕೆ ಒಂದೆರಡು ಪಾಲು. ಬೆಂಗಳೂರಿನಲ್ಲಿ ಹುಡುಕಿದರೆ ಸಿಗುವ ಭರವಸೆ ಇಲ್ಲ.

ಉಳಿಯಲು ವಿಸ್ಪ್‌ನಲ್ಲಿ ರೂಮ್ ಮಾಡುವುದಾದರೆ ರೈಲು ಹಳಿಯ ಕಡೆಗೆ ಕಿಟಕಿ ಇಲ್ಲದ್ದನ್ನು ಕೇಳಿ ಪಡೆಯಿರಿ. ನಮಗೆ ಕೊಟ್ಟ ರೂಮಿನಲ್ಲಿ ಸೆಖೆಗೆ ಕಿಟಕಿ ತೆಗೆದರೆ ರೈಲಿನ ಸದ್ದು, ಮುಚ್ಚಿದರೆ ಬೇಯುವ ಪಾಡು. ಫ್ಯಾನ್ ಕೇಳಿದ್ದಕ್ಕೆ ಇಲ್ಲ ಎಂದರು. ಆ ಬಾಡಿಗೆಗೆ ಅದು ಅನ್ಯಾಯ.

ಹೊಟ್ಟೆಯ ವಿಷಯದಲ್ಲಿ ಮಾತ್ರ ವಿಸ್ಪ್ ನಮ್ಮನ್ನು ಗೆದ್ದಿತು. ಹಳೇ ಪೇಟೆಯ ಪುಟ್ಟ ಬೇಕರಿಯೊಂದರಲ್ಲಿ ‘ಕೋಲೆರಾ’ ಅನ್ನುವ ತಿಂಡಿ ಸಿಕ್ಕಿತು. ಕಾಲರಾ ರೋಗದ ಹೆಸರೇ, ಆದರೆ ಹೆದರಬೇಡಿ. ಆಲೂಗಡ್ಡೆ, ಲೀಕ್ ಈರುಳ್ಳಿ, ಸೇಬು, ಚೀಸ್ ಪದರ ಪದರವಾಗಿ ತುಂಬಿ ಬೇಯಿಸಿದ ಕಡುಬು. ಹಂದಿಮಾಂಸ ಸೇರಿಸುವವರೂ ಇದ್ದಾರೆ, ಕೇಳಿ ತೆಗೆದುಕೊಳ್ಳಿ. ನಮಗೆ ಸಿಕ್ಕಿದ್ದರಲ್ಲಿ ಇರಲಿಲ್ಲ. ಹೊರಗಿನ ಹಿಟ್ಟು ಗರಿಗರಿ, ಒಳಗೆ ಚೀಸ್ ಕರಗಿ ಆಲೂಗಡ್ಡೆಗೆ ಅಂಟಿಕೊಂಡಿತ್ತು, ನಡುನಡುವೆ ಸೇಬಿನ ಹುಳಿಸಿಹಿ. ಅಂಗಡಿಯ ಅಜ್ಜಿ ಕೇಳದೆಯೇ ಮತ್ತೆ ಬಿಸಿ ಮಾಡಿ ಕೊಟ್ಟರು. ಒಂದು ತುಂಡಿಗೆ ಹೊಟ್ಟೆ ತುಂಬಿತು, ಹತ್ತು ಫ್ರಾಂಕ್‌ನೊಳಗೆ. ಸಸ್ಯಾಹಾರಿಗಳು ಚೀಸ್ ಸ್ಯಾಂಡ್‌ವಿಚ್‌ನಲ್ಲೇ ದಿನ ದೂಡುವ ದೇಶದಲ್ಲಿ ಇದು ದೊಡ್ಡ ಮಾತು. ಜೊತೆಗೆ ವಾಲೇಯ ಕಪ್ಪು ರೈ ಬ್ರೆಡ್ ಕಟ್ಟಿಸಿಕೊಳ್ಳಿ, ದಾರಿಗಾಗುತ್ತದೆ.

ನನ್ನ ಸಲಹೆ: ಬಸ್ಸಿನಲ್ಲಿ ಮೇಲಿನ ಹಳ್ಳಿಯವರೆಗೆ ಹೋಗಿ, ತೋಟಗಳ ನಡುವೆ ನಡೆದು ಇಳಿಯಿರಿ. ಹಳದಿ ಫಲಕಗಳು ದಾರಿ ತೋರುತ್ತವೆ. ವಿಸ್ಪ್‌ವರೆಗೆ 700 ಮೀಟರಿನಷ್ಟು ಇಳಿಜಾರು, ಮಂಡಿ ನೋವಿದ್ದವರು ಉಂಟರ್‌ಸ್ಟಾಲ್ಡೆನ್‌ನಲ್ಲೇ ಬಸ್ ಹಿಡಿಯುವುದು ಒಳ್ಳೆಯದು. ತೋಟದಲ್ಲಿ ನೆರಳಿಲ್ಲ, ಬೇಸಿಗೆಯಲ್ಲಿ ಬೆಳಗ್ಗೆಯೇ ಹೊರಡಿ. ಊರಿನ ಕಾರಂಜಿಯಲ್ಲಿ ಬಾಟಲಿ ತುಂಬಿಸಿಕೊಳ್ಳಬಹುದು, ‘ಕೈನ್ ಟ್ರಿಂಕ್‌ವಾಸರ್’ ಎಂದು ಬರೆದಿದ್ದರೆ ಮಾತ್ರ ಕುಡಿಯಬೇಡಿ. ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ, ವೈನರಿಯ ಮಾರಾಟದ ವೇಳೆಯನ್ನೂ ವಾಪಸ್ ಬಸ್ಸಿನ ವೇಳೆಯನ್ನೂ ಹೊರಡುವ ಮೊದಲೇ ನೋಡಿಟ್ಟುಕೊಳ್ಳಿ.