ದುರ್ಗದ ಅರ್ಕಾವತ್ತು

ಎರಡು ವಾರದಿಂದ 61 ಕೀಲಿಗಳ ಪುಟ್ಟ ಕಂಪ್ಯೂಟರ್ ಕೀಲಿಮಣೆಯೊಂದಿಗೆ, ಯಾವ ಕೀಲಿಗೆ ಯಾವ ಅಕ್ಷರ ಎಂದು ಹೊಂದಿಸುತ್ತ ಗುದ್ದಾಡುತ್ತಿದ್ದೇನೆ. ಕನ್ನಡ, ಫ್ರೆಂಚ್, ಜರ್ಮನ್ ಮೂರೂ ಇದರಲ್ಲೇ ಮೂಡಬೇಕು. ಫ್ರೆಂಚ್ ‘ಇ’ (e) ಅಕ್ಷರದ ನೆತ್ತಿಗೆ ಓರೆಗೀಟು ಬೇಕೆಂದರೆ ಮೊದಲು ಗೀಟಿನ ಕೀಲಿ ಒತ್ತಬೇಕು. ತೆರೆಯ ಮೇಲೆ ಏನೂ ಕಾಣದು, ಅದು ಮುಂದಿನ ಅಕ್ಷರಕ್ಕಾಗಿ ಕಾಯುತ್ತದೆ. ‘ಡೆಡ್ ಕೀ’ ಎನ್ನುತ್ತಾರೆ. ಹಾಗೆ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಕನ್ನಡಕ್ಕೆ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ವ್ಯಂಜನವೇ ಮೊದಲು, ಆಮೇಲೆ ಒತ್ತು ಕೂಡಿಸುವ ‘ಎಫ್’ ಕೀಲಿ, ಅದಾದ ಮೇಲೆ ಒತ್ತಕ್ಷರ. ನಿನ್ನೆ ರಾತ್ರಿ ಪರೀಕ್ಷೆಗೆಂದು ‘ದುರ್ಗ’ ಎಂದು ಐದು ಕೀಲಿ ಒತ್ತಿದೆ. ಮೊದಲು ಬಂದ ರಕಾರ ಗಕಾರಕ್ಕೆ ದಾರಿ ಬಿಟ್ಟು, ಅದರ ಬೆನ್ನಿಗೆ ಅರ್ಕಾವತ್ತಾಗಿ ಕುಳಿತಿತು. ಹುಟ್ಟಿದಾಗಿನಿಂದ ಚಿತ್ರದುರ್ಗದಲ್ಲಿದ್ದೂ ಊರ ಹೆಸರಿನ ಈ ಚೆಲುವನ್ನು ನಿಂತು ನೋಡಿರಲಿಲ್ಲ.

ಉಳಿದ ಕೀಲಿಗಳನ್ನು ಇನ್ನೂ ಅದಲುಬದಲು ಮಾಡುತ್ತೇನೆ. ‘ಎಫ್’ ಮಾತ್ರ ಇದ್ದಲ್ಲೇ ಇರುತ್ತದೆ.