‘ಬರೋವರೆಗೂ’ ಅಂತ ಯಾಕೆ ಕೇಳ್ತೀಯಮ್ಮ?

“ಬರೋವರೆಗೂ ಅಂತ ಯಾಕೆ ಕೇಳ್ತೀಯಮ್ಮ? ಓದೋಕೆ ಅಂತ ಕೇಳು.”

ಹಳೇ ಪುಸ್ತಕದಂಗಡಿಯ ಯಜಮಾನರು ಶನಿವಾರ ನಮ್ಮ ಪುಟ್ಟಿಗೆ ಹೇಳಿದ ಈ ಮಾತು ವಾರವಿಡೀ ನನ್ನ ತಲೆಯೊಳಗೆ ಓಡಾಡುತ್ತಿದೆ. ಅವರು ಗದರಲಿಲ್ಲ, ಬುದ್ಧಿವಾದವನ್ನೂ ಹೇಳಲಿಲ್ಲ. ಮೂಗಿನ ತುದಿಗೆ ಜಾರಿದ್ದ ಕನ್ನಡಕದ ಮೇಲಿಂದ ಅವಳನ್ನು ನೋಡಿ, ಕೈಯಲ್ಲಿದ್ದ ಪುಸ್ತಕದ ಧೂಳನ್ನು ವಸ್ತ್ರದಿಂದ ಒರೆಸುತ್ತಲೇ ಅಂದರು. ಅಂದು ಮುಗಿಸಿ ಮುಂದಿನ ಗಿರಾಕಿಯ ಕಡೆ ತಿರುಗಿಯೂಬಿಟ್ಟರು.

ಪುಟ್ಟಿ ಅಂದರೆ ನನ್ನಕ್ಕನ ಮಗಳು, ಸೆಕೆಂಡ್ ಪಿಯುಸಿ. ಪ್ಯಾಟ್ರಿಕ್ ರಾಥ್‌ಫಸ್ ಬರೆದ ‘ದಿ ನೇಮ್ ಆಫ್ ದಿ ವಿಂಡ್’, ಅದರ ಮುಂದಿನ ಭಾಗ ‘ದಿ ವೈಸ್ ಮ್ಯಾನ್ಸ್ ಫಿಯರ್’ ಎರಡನ್ನೂ ದಸರಾ ರಜೆಯಲ್ಲಿ ಊಟ ತಿಂಡಿಯ ಪರಿವೆಯಿಲ್ಲದೆ ಓದಿ ಮುಗಿಸಿದ್ದಳು. ಹೋಟೆಲು ನಡೆಸಿಕೊಂಡು ಹೆಸರು ಮರೆಸಿಕೊಂಡು ಬದುಕುತ್ತಿರುವ ಕ್ವೋತ್ ಎಂಬುವನು ತನ್ನ ಕತೆಯನ್ನು ಮೂರು ದಿನಗಳಲ್ಲಿ ಹೇಳುತ್ತೇನೆಂದು ಕೂರುತ್ತಾನೆ. ದಿನಕ್ಕೊಂದು ಪುಸ್ತಕ. ಮೊದಲ ದಿನದ್ದು 2007ರಲ್ಲಿ ಬಂತು, ಎರಡನೆಯದು 2011ರಲ್ಲಿ. ಮೂರನೆಯ ದಿನ ಇನ್ನೂ ಬೆಳಗಾಗಿಲ್ಲ. ಎರಡನೆಯದು ಅಚ್ಚಾದಾಗ ಪುಟ್ಟಿ ತೊದಲು ಮಾತಾಡುವ ಕೂಸು.

ಹಾಗಾಗಿ ಅಂಗಡಿಯಲ್ಲಿ ಅವಳು ಕೇಳಿದ್ದು ಸಹಜವೇ: “ಅಂಕಲ್, ಇದೇ ಥರದ್ದು ಯಾವುದಾದ್ರೂ ಇದ್ಯಾ? ಮೂರನೇದು ಬರೋವರೆಗೂ ಓದೋಕೆ.”

“ಮೂರನೇದು ಯಾವಾಗ ಬರುತ್ತೆ?”

“ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.”

ಆಗ ಬಂತು ಆ ಮಾತು.

ಅಲ್ಲೇ ಪಕ್ಕದಲ್ಲಿ ನಿಂತಿದ್ದ ಒಬ್ಬ ಹುಡುಗ, ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದವನಿರಬೇಕು, “ಆ ಮನುಷ್ಯ ಬರೆಯಲ್ಲ ಬಿಡಿ, ದುಡ್ಡು ಮಾಡ್ಕೊಂಡು ಸುಮ್ಮನಾಗಿದ್ದಾನೆ” ಅಂದ. ಅವನ ಮಾತು ನನಗೆ ಹಿಡಿಸಲಿಲ್ಲ. ಒಂದು ಪುಸ್ತಕಕ್ಕೆ ಕೊಟ್ಟ ಕಾಸಿಗೆ ಆ ಪುಸ್ತಕ ಸಿಕ್ಕಿದೆ. ಅದರ ಜೊತೆಗೆ ಬರೆದವನ ಮುಂದಿನ ಹತ್ತು ಹದಿನೈದು ವರ್ಷವನ್ನೂ ನಾವು ಕೊಂಡುಕೊಂಡಿಲ್ಲ. ಜಾರ್ಜ್ ಮಾರ್ಟಿನ್ ತಮ್ಮ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಸರಣಿಯ ಐದನೆಯ ಭಾಗವನ್ನು ಕೊಟ್ಟಿದ್ದೂ 2011ರಲ್ಲೇ. ಆರನೆಯದಕ್ಕೆ ಕಾಯುತ್ತಾ ಜನ ಅವರಿಗೆ ಆಡಿರುವ ಮಾತುಗಳನ್ನು ನೋಡಿದರೆ, ಪುಸ್ತಕ ಪ್ರೀತಿಸುವವರು ಹೀಗೂ ಮಾತಾಡುತ್ತಾರಾ ಎಂದು ಬೇಸರವಾಗುತ್ತದೆ. ಕಾಯುವುದು ಕಷ್ಟ, ಒಪ್ಪುತ್ತೇನೆ. ಆದರೆ ಆ ಸಿಟ್ಟು ನಾವು ನಡುವೆ ಓದುವ ಪುಸ್ತಕಗಳಿಗೂ ತಟ್ಟುತ್ತದೆ. ಯಾವುದನ್ನು ಕೈಗೆತ್ತಿಕೊಂಡರೂ “ಅದರಷ್ಟು ಚೆನ್ನಾಗಿಲ್ಲ” ಎಂದು ಐವತ್ತನೇ ಪುಟಕ್ಕೇ ಕೆಳಗಿಡುತ್ತೇವೆ. ಬಾಡಿಗೆಗೆ ಬಂದವರ ಹಾಗೆ ಅವನ್ನು ನಡೆಸಿಕೊಳ್ಳುತ್ತೇವೆ. ಯಜಮಾನರ ಮಾತು ಮತ್ತೆ ಮತ್ತೆ ನೆನಪಾಗುವುದು ಇದಕ್ಕೇ. ‘ಬರೋವರೆಗೂ’ ಎಂದು ಕೇಳಿದ ಕ್ಷಣದಲ್ಲೇ ಆ ಪುಸ್ತಕಕ್ಕೆ ಎರಡನೇ ದರ್ಜೆ ಕೊಟ್ಟಾಯಿತು.

‘ಇದೇ ಥರದ್ದು’ ಎನ್ನುವುದರಲ್ಲೂ ಒಂದು ತೊಡಕಿದೆ. ಕತ್ತಿ ಇದ್ದರೆ ಇನ್ನೊಂದು ಕತ್ತಿಯ ಕತೆ, ಮಂತ್ರದ ಶಾಲೆ ಇದ್ದರೆ ಇನ್ನೊಂದು ಮಂತ್ರದ ಶಾಲೆ, ಹೀಗೇ ಹೊಂದಿಸಿ ಕೊಡುತ್ತಾರೆ ಎಲ್ಲರೂ. ಓದುವವರಿಗೆ ಹಿಡಿಸಿದ್ದು ಅದೇನಾ ಎಂದು ಕೇಳುವುದಿಲ್ಲ. ಮನೆಗೆ ಬರುವ ದಾರಿಯಲ್ಲಿ ನಾನು ಕೇಳಿದೆ, “ನಿನಗೆ ಅದರಲ್ಲಿ ಎಲ್ಲಕ್ಕಿಂತ ಇಷ್ಟವಾಗಿದ್ದು ಯಾವುದೇ?”

“ಫೀಸು, ಚಿಕ್ಕಿ.”

ನನಗೆ ಖುಷಿಯಾಗಿಹೋಯಿತು. ಕ್ವೋತ್ ಓದುವ ವಿಶ್ವವಿದ್ಯಾಲಯದಲ್ಲಿ ಪ್ರತಿ ಟರ್ಮಿಗೂ ಗುರುಗಳು ಪ್ರಶ್ನೆ ಕೇಳಿ, ಉತ್ತರ ನೋಡಿ ಫೀಸು ನಿಗದಿ ಮಾಡುತ್ತಾರೆ. ಮೊದಲ ಸಲ ಬರಿಗೈಯಲ್ಲಿ ಹೋಗಿ ನಿಂತ ಹುಡುಗನಿಗೆ ಅವರು ಗೊತ್ತು ಮಾಡುವ ಫೀಸು ಮೈನಸ್ ಮೂರು ಟ್ಯಾಲೆಂಟ್ (ಅದು ಅಲ್ಲಿನ ನಾಣ್ಯ). ಅಂದರೆ ಅವರೇ ಅವನಿಗೆ ಕೊಡುವುದು! ಮುಂದಿನ ಟರ್ಮುಗಳಲ್ಲಿ ಆ ಅದೃಷ್ಟವಿಲ್ಲ. ಬಡ್ಡಿಗೆ ಸಾಲ ಕೊಡುವ ದೇವಿ ಎಂಬ ಹುಡುಗಿಯ ಹತ್ತಿರ ತನ್ನ ರಕ್ತದ ಹನಿಯನ್ನೇ ಅಡವಿಟ್ಟು ಸಾಲ ತರುತ್ತಾನೆ. ಸಿಇಟಿ ರ್‍ಯಾಂಕು, ಸೀಟು, ಡೊನೇಷನ್ ಎಂದು ಮನೆಯಲ್ಲಿ ಹಗಲೂ ರಾತ್ರಿ ಕೇಳಿಸಿಕೊಳ್ಳುವ ಹುಡುಗಿಗೆ ಇಡೀ ಸಾವಿರಾರು ಪುಟಗಳಲ್ಲಿ ನಾಟಿದ್ದು ಅದು. “ಸಿಇಟಿ ಮುಗೀಲಿ, ಆಮೇಲೆ ಈ ಮಂತ್ರ ತಂತ್ರ ಎಲ್ಲ” ಎಂದು ಭಾವ ಫೋನಿನಲ್ಲಿ ಅಂದಿದ್ದರು. ಭಾವ ಒಳ್ಳೆಯವರು. ಆದರೆ ಆ ಕತೆಯಲ್ಲಿ ಮಗಳು ಓದುತ್ತಿದ್ದದ್ದು ತನ್ನದೇ ಚಿಂತೆಯನ್ನು ಎಂದು ಅವರಿಗೆ ಯಾರಾದರೂ ಹೇಳಬೇಕು. ನಾನೇ ಹೇಳುತ್ತೇನೆ.

ಯಜಮಾನರು ಕೊಟ್ಟದ್ದು ಉರ್ಸುಲಾ ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ತ್‌ಸೀ’. 1968ರ ಪುಸ್ತಕ. ಪುಟ್ಟಿ ಅದನ್ನು ಎರಡು ಬೆರಳಲ್ಲಿ ಹಿಡಿದು “ಇಷ್ಟು ತೆಳ್ಳಗಿದೆ?” ಅಂದಳು. ರಾಥ್‌ಫಸ್ ಓದಿದವಳಿಗೆ ಅದು ನೋಟ್‌ಬುಕ್ಕಿನ ಹಾಗೆ ಕಂಡಿರಬೇಕು. ಮನೆಗೆ ಬಂದು ಮಂಚದ ಮೇಲೆ ಮಗ್ಗುಲಾದವಳು ಸ್ವಲ್ಪ ಹೊತ್ತಿಗೇ ಎದ್ದು ಕೂತು ನನ್ನನ್ನು ಕರೆದಳು. ಆಡು ಮೇಯಿಸುವ ತಾಯಿಯಿಲ್ಲದ ಹುಡುಗ, ತಾಯಿಯ ತಂಗಿಯೋ ಅಕ್ಕನೋ ಆಡಿನ ಮುಂದೆ ಹೇಳಿದ ಪದಗಳನ್ನು ಅರ್ಥ ಗೊತ್ತಿಲ್ಲದೆ ತಾನೂ ಕೂಗುತ್ತಾನೆ. ಆಡುಗಳೆಲ್ಲ ಸದ್ದಿಲ್ಲದೆ ಬಂದು ಅವನನ್ನು ಮುತ್ತಿಕೊಳ್ಳುತ್ತವೆ, ಎಷ್ಟು ಓಡಿದರೂ ಬಿಡುವುದಿಲ್ಲ. “ಇಲ್ಲೂ ಹೆಸರು ಗೊತ್ತಿದ್ರೆ ಅದರ ಮೇಲೆ ಹಿಡಿತ ಬರುತ್ತೆ ಚಿಕ್ಕಿ! ಕ್ವೋತ್ ಗಾಳಿ ಹೆಸರು ಕರೆಯೋದು ಇಲ್ಲಿಂದಾನೇ ಬಂದಿದ್ದಾ?” ಎಂದಳು.

ಯಾರು ಯಾರಿಂದ ಏನು ಕಲಿತರೆಂದು ನಾನು ಹೇಳಲಾರೆ. ನಿಜವಾದ ಹೆಸರಿಗೆ ಶಕ್ತಿ ಇದೆ ಎನ್ನುವ ನಂಬಿಕೆ ಇಬ್ಬರಿಗಿಂತಲೂ ಹಳೆಯದು. ಆದರೆ ಅವಳು ಸರಿಯಾದ ಕಡೆಯೇ ಕೈಹಾಕಿದ್ದಳು. ಮೆಚ್ಚಿನ ಸರಣಿ ನಿಂತಲ್ಲಿ ಅಕ್ಕಪಕ್ಕ ಅದರ ಜೋಡಿ ಹುಡುಕುವುದಕ್ಕಿಂತ ಹಿಂದಕ್ಕೆ ಹೋಗಬೇಕು. ಅರ್ತ್‌ಸೀಯ ಆ ಆಡು ಮೇಯಿಸುವ ಹುಡುಗ ಗೆಡ್ ಮುಂದೆ ರೋಕ್ ದ್ವೀಪದ ಮಂತ್ರದ ಶಾಲೆಯಲ್ಲಿ ಜಂಬಕ್ಕೆ ಬಿದ್ದು ಸತ್ತವರನ್ನು ಕರೆಯಲು ಹೋಗಿ ಒಂದು ನೆರಳನ್ನು ಈ ಲೋಕಕ್ಕೆ ಬಿಡುತ್ತಾನಲ್ಲ, ಅದನ್ನು ಓದಿದ ಮೇಲೆ ಕ್ವೋತ್‌ನ ಜಂಬವೂ ಬೇರೆಯಾಗಿ ಕಾಣುತ್ತದೆ. ಗೆಡ್ ಕಂದು ಮೈಬಣ್ಣದವನು. ಲೆ ಗ್ವಿನ್ ಬೇಕೆಂದೇ ಹಾಗೆ ಬರೆದವರು. ಅದನ್ನೂ ಪುಟ್ಟಿ ಗಮನಿಸಿದಳು. ಅರ್ತ್‌ಸೀಯ ಮೂರನೆಯ ಪುಸ್ತಕ ಬಂದದ್ದು 1972ರಲ್ಲಿ, ನಾಲ್ಕನೆಯದು 1990ರಲ್ಲಿ. ಹದಿನೆಂಟು ವರ್ಷ! ಆದರೆ ಪ್ರತಿಯೊಂದೂ ತನ್ನಷ್ಟಕ್ಕೆ ತಾನು ಮುಗಿಯುವ ಕತೆಯಾದ್ದರಿಂದ ಓದಿದವರನ್ನು ಯಾವುದೂ ನಡುನೀರಿನಲ್ಲಿ ಕೈಬಿಡಲಿಲ್ಲ.

ಒಂದೇ ಪುಸ್ತಕದಲ್ಲಿ ಮುಗಿಯುವ ಕತೆಗಳೆಂದರೆ ನನಗೆ ಪ್ರೀತಿ ಹೆಚ್ಚು. ಗೈ ಗೇವ್ರಿಯಲ್ ಕೇ ಬರೆದ ‘ಟಿಗಾನಾ’ವನ್ನು ಅವಳಿಗೆ ತೆಗೆದಿಟ್ಟಿದ್ದೇನೆ. ಮಗನನ್ನು ಯುದ್ಧದಲ್ಲಿ ಕಳೆದುಕೊಂಡ ಮಾಂತ್ರಿಕ ದೊರೆಯೊಬ್ಬ ಸೋತ ನಾಡಿನ ಹೆಸರನ್ನೇ ಅಳಿಸಿಹಾಕುತ್ತಾನೆ. ಅಲ್ಲಿ ಹುಟ್ಟಿದವರಿಗೆ ಬಿಟ್ಟರೆ ಬೇರೆ ಯಾರ ಕಿವಿಗೂ ಆ ಹೆಸರು ಬೀಳುವುದೇ ಇಲ್ಲ. ಪರಊರಲ್ಲಿ ತನ್ನ ಊರಿನ ಹೆಸರು ಹೇಳಿ, ಎದುರಿನವರ ಮುಖದಲ್ಲಿ ಏನೂ ಕಾಣದ ಅನುಭವ ಇರುವ ಯಾರಾದರೂ ಓದಬೇಕಾದದ್ದು. ಆಮೇಲೆ ಸುಸಾನಾ ಕ್ಲಾರ್ಕ್ ಅವರ ‘ಪಿರನೇಸಿ’: ಕೊನೆಯಿಲ್ಲದ ಹಜಾರಗಳ ಒಂದು ಮನೆ, ಕೆಳಗಿನ ಅಂತಸ್ತಿನಲ್ಲಿ ಸಮುದ್ರ, ಗೋಡೆಗಳ ತುಂಬ ಪ್ರತಿಮೆಗಳು, ಅಲೆ ಏರುವ ಹೊತ್ತನ್ನು ಬರೆದಿಟ್ಟುಕೊಳ್ಳುವ ಒಬ್ಬ ಮನುಷ್ಯ. 2004ರ ಮೊದಲ ಕಾದಂಬರಿಯಾದ ಮೇಲೆ ಕಾಯಿಲೆಯಲ್ಲಿ ನರಳಿದ ಕ್ಲಾರ್ಕ್ 2020ರಲ್ಲಿ ಇದನ್ನು ಕೊಟ್ಟರು. ತಡವಾಗಿ ಬರೆಯುವವರನ್ನು ಬೈಯುವವರು ಇದನ್ನೊಮ್ಮೆ ಓದಲಿ.

ರಾತ್ರಿ ಊಟಕ್ಕೆ ಕೂತಾಗ ಪುಟ್ಟಿ ಕೇಳಿದಳು, “ಮೂರನೇದು ಅವರು ಬರೀದೇ ಹೋದ್ರೆ ಬೇರೆ ಯಾರಾದ್ರೂ ಬರೀಬಹುದಾ?”

ಬರೆದದ್ದುಂಟು. ರಾಬರ್ಟ್ ಜೋರ್ಡಾನ್ 2007ರಲ್ಲಿ ತೀರಿಕೊಂಡಾಗ ‘ದಿ ವೀಲ್ ಆಫ್ ಟೈಮ್’ ಮುಗಿದಿರಲಿಲ್ಲ. ಅವರು ಬಿಟ್ಟುಹೋದ ಟಿಪ್ಪಣಿಗಳನ್ನಿಟ್ಟುಕೊಂಡು ಬ್ರ್ಯಾಂಡನ್ ಸ್ಯಾಂಡರ್ಸನ್ 2013ರಲ್ಲಿ ಹದಿನಾಲ್ಕನೆಯ ಸಂಪುಟದೊಂದಿಗೆ ಮುಗಿಸಿದರು. ನಮ್ಮಲ್ಲೂ ಕುಮಾರವ್ಯಾಸ ಗದಾಪರ್ವದವರೆಗೆ ಹತ್ತು ಪರ್ವ ಬರೆದು ನಿಲ್ಲಿಸಿದ್ದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರ್ತಿ ಮಾಡಿದ. ಸಂಸ್ಕೃತದ ಬಾಣಭಟ್ಟ ಸತ್ತಾಗ ಅವನ ‘ಕಾದಂಬರಿ’ಯೂ ಅರ್ಧಕ್ಕೆ ನಿಂತಿತ್ತು. ಗಿಳಿ ಹೇಳುವ ಕತೆ, ಅದರೊಳಗೆ ಇನ್ನೊಂದು ಕತೆ, ಗಂಧರ್ವ ಕನ್ಯೆಯರು, ಶಾಪ, ಜನ್ಮಾಂತರ. ಪುಟ್ಟಿ ಓದುವ ಯಾವ ಫ್ಯಾಂಟಸಿಗೂ ಅದು ಕಡಿಮೆಯಲ್ಲ. ಬಾಣನ ಮಗ ಅದನ್ನು ಮುಗಿಸಿದ. ಶುರುವಿನಲ್ಲೇ ಅವನು ಹೇಳಿಕೊಳ್ಳುತ್ತಾನೆ: ಕತೆ ಮುಗಿಯದೆ ಹೋಯಿತಲ್ಲ ಎಂದು ಸಜ್ಜನರು ದುಃಖ ಪಡುವುದನ್ನು ನೋಡಿ ಕೈಹಾಕಿದ್ದೇನೆ, ಕವಿ ಎಂಬ ಹಮ್ಮಿನಿಂದಲ್ಲ.

ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು. ಏಳನೆಯ ಶತಮಾನದಲ್ಲೂ ಮುಂದಿನ ಭಾಗ ಇಲ್ಲವೆಂದು ಸಂಕಟಪಟ್ಟ ಓದುಗರಿದ್ದರು. ಅವರನ್ನು ಯಾರೂ ‘ಕತೆ ತಾನೇ’ ಎಂದು ತಳ್ಳಿಹಾಕಲಿಲ್ಲ. ಅಪ್ಪನನ್ನು ಕಳೆದುಕೊಂಡವನು ಅವರ ದುಃಖವನ್ನೂ ಲೆಕ್ಕಕ್ಕೆ ತಗೊಂಡ.

“ಕನ್ನಡದಲ್ಲಿ ಇದ್ಯಾ ಅದು?” ಎಂದಳು ಪುಟ್ಟಿ.

ಇದೆ, ನಾಗವರ್ಮನ ‘ಕರ್ಣಾಟಕ ಕಾದಂಬರಿ’, ಅಪ್ಪ ಮಗ ಇಬ್ಬರ ಭಾಗವೂ ಸೇರಿದ್ದು. ಹಳಗನ್ನಡ ಅವಳಿಗೆ ಕಷ್ಟವಾಗುತ್ತದೆ, ನನಗೂ ಸಲೀಸಲ್ಲ. ಜೊತೆಗೆ ಕೂತು ದಿನಕ್ಕೆರಡು ಪುಟ ಎಂದು ಒಪ್ಪಂದ ಮಾಡಿಕೊಂಡಿದ್ದೇವೆ. ಅರ್ತ್‌ಸೀಯ ಎರಡನೆಯ ಪುಸ್ತಕ ಮಾತ್ರ ಅವಳು ಒಬ್ಬಳೇ ಓದುತ್ತಾಳಂತೆ, ನಾನು ಪಕ್ಕದಲ್ಲಿದ್ದರೆ ಮುಂದೇನಾಗುತ್ತದೆಂದು ನನ್ನ ಮುಖದಲ್ಲೇ ತಿಳಿದುಬಿಡುತ್ತದಂತೆ.