“ಇದರಲ್ಲಿ ನಿಮ್ಮ ಯಾವ ನೋವು ಅಡಗಿದೆ?”

ತೈಲವರ್ಣದ ಚಿತ್ರದ ಮುಂದೆ ನಿಂತವರು ಕೇಳುವ ಪ್ರಶ್ನೆ ಇದು. “ಅರ್ಥ ಏನು?” ಅನ್ನುವವರನ್ನಾದರೂ ಸಹಿಸಬಹುದು. ಇವರು ನೋವೇ ಅಂತ ತೀರ್ಮಾನಿಸಿಕೊಂಡೇ ಬಂದಿರುತ್ತಾರೆ, ಯಾವುದು ಅನ್ನುವುದಷ್ಟೇ ಬಾಕಿ. ಚಿತ್ರದಲ್ಲಿ ಕಪ್ಪು ಸ್ವಲ್ಪ ಜಾಸ್ತಿಯಾದರೆ ಮುಗೀತು, ಬರೆದವರ ಮನೆಯಲ್ಲಿ ಯಾರೋ ಸತ್ತಿರಲೇಬೇಕು.

ಆ ಕಪ್ಪು ಕಪ್ಪೇ ಅಲ್ಲ ಮಾರಾಯರೇ. ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಅಂಬರ್ ಅನ್ನುವ ಗಾಢ ಕಂದು, ಹೆಚ್ಚುಕಡಿಮೆ ಸಮಸಮ. ನೀಲಿ ತುಸು ಮುಂದಾದರೆ ತಣ್ಣಗಿನ ಕಪ್ಪು, ಅಂಬರ್ ಮುಂದಾದರೆ ಬೆಚ್ಚಗಿನದು. ಟ್ಯೂಬಿನಲ್ಲಿ ಸಿದ್ಧವಾಗಿ ಸಿಗುವ ಐವರಿ ಬ್ಲ್ಯಾಕ್ ಅನ್ನುವ ಕಪ್ಪು ಎಣ್ಣೆ ಜಾಸ್ತಿ ಕುಡಿಯುತ್ತದೆ, ನಿಧಾನವಾಗಿ ಒಣಗುತ್ತದೆ. ಅದರ ಮೇಲೆ ಬೇಗ ಒಣಗುವ ಬಣ್ಣ ಬಳಿದರೆ ಮೇಲಿನದು ಗಟ್ಟಿಯಾದ ಮೇಲೂ ಕೆಳಗಿನದು ಜರುಗುತ್ತಲೇ ಇರುತ್ತದೆ, ಬಿರುಕು ಬಿಡುತ್ತದೆ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಎಣ್ಣೆ ಬೇಗ ಒಣಗುತ್ತದೆ. ಹಾಗಾಗಿ ಮೊದಲ ಪದರಕ್ಕೆ ಟರ್ಪೆಂಟೈನ್‌ನಲ್ಲಿ ತೆಳುವಾಗಿಸಿದ ಅಂಬರ್, ಮೇಲೆ ಹೋದಂತೆ ಅಗಸೆ ಎಣ್ಣೆ ಹೆಚ್ಚು. ಇದರಲ್ಲಿ ನೋವು ಎಲ್ಲಿ ಬಂತು? ಬಿರುಕಿನ ಭಯ ಇದೆ, ಒಪ್ಪುತ್ತೇನೆ.

ಬಣ್ಣ ನೋಡಿ ಮನಸ್ಸು ಓದುವವರು ವ್ಯಾನ್ ಗೋನ ‘ಮಲಗುವ ಕೋಣೆ’ಯನ್ನು ಒಮ್ಮೆ ವಿಚಾರಿಸಿಕೊಳ್ಳಲಿ. 1888ರಲ್ಲಿ ಅದನ್ನು ಬರೆದಾಗ ಗೋಡೆಗಳು ತಿಳಿ ನೇರಳೆ ಅಂತ ಆತನೇ ತಮ್ಮನಿಗೆ ಪತ್ರ ಬರೆದಿದ್ದ. ಬಣ್ಣಗಳು ವಿಶ್ರಾಂತಿಯನ್ನು, ನಿದ್ದೆಯನ್ನು ಸೂಚಿಸಬೇಕು ಅಂತಲೂ ಬರೆದಿದ್ದ. ಆಮೇಲೆ ಬೆರಕೆಯಲ್ಲಿದ್ದ ಕೆಂಪು ಬೆಳಕಿಗೆ ಮಾಸಿತು, ನೀಲಿ ಉಳಿಯಿತು. ಇವತ್ತು ಆ ನೀಲಿಯಲ್ಲಿ ಒಂಟಿತನ ಕಾಣುವವರು ಕಾಣುತ್ತಿರುವುದು ಮಾಸಿದ ಕೆಂಪಿನ ಕತೆ. ಕಲಾವಿದನೇ ಅರ್ಥ ಹೇಳಿದ್ದರೂ ಬಣ್ಣ ಕೇಳಲಿಲ್ಲ!

ಹಾಗಾದರೆ ಸ್ವಂತದ್ದು ಏನೂ ಇಲ್ಲವೇ? ಇದೆ, ಬೇಕಾದಷ್ಟಿದೆ. ಆದರೆ ಯಾವ ಬಣ್ಣ ಹಚ್ಚಿದಿರಿ ಅಂತ ಕೇಳಿದರೆ ಅದು ಸಿಗುವುದಿಲ್ಲ. ಏನನ್ನು ಮುಚ್ಚಿದಿರಿ ಅಂತ ಕೇಳಬೇಕು. ಅದನ್ನು ಯಾರೂ ಕೇಳುವುದಿಲ್ಲ.

ಬಣ್ಣ ಹಸಿಯಿದ್ದರೆ ಪ್ಯಾಲೆಟ್ ಚಾಕುವಿನಲ್ಲಿ ಕೆರೆದು ಬಟ್ಟೆಯಲ್ಲಿ ಒರೆಸಿದರಾಯಿತು, ಕ್ಯಾನ್‌ವಾಸಿನ ನೇಯ್ಗೆಯಲ್ಲಿ ಕಲೆಯಷ್ಟೇ ಉಳಿಯುತ್ತದೆ. ಒಣಗಿದ್ದರೆ ಕಷ್ಟ. ಹಿಂದೆ ಕುಂಚ ಬಿಟ್ಟುಹೋದ ಏಣುಗಳನ್ನು, ಅಂದರೆ ಬಣ್ಣದ ಉಬ್ಬುಗೆರೆಗಳನ್ನು, ಮರಳುಕಾಗದದಲ್ಲಿ, ಧೂಳೇಳದಂತೆ ಒದ್ದೆ ಮಾಡಿಕೊಂಡು, ಉಜ್ಜದೆ ಹೊಸ ಬಣ್ಣ ಬಳಿದರೆ ಬಣ್ಣ ಮುಚ್ಚುತ್ತದೆ, ಆಕಾರ ಮುಚ್ಚುವುದಿಲ್ಲ. ಸೀಸದ ಬಿಳಿ ಬಳಸಿದ್ದರಂತೂ ಕಾಲ ಕಳೆದಂತೆ ಅದು ಪಾರದರ್ಶಕವಾಗುತ್ತಾ ಹೋಗಿ ಅಡಿಯ ಚಿತ್ರ ಮೇಲೆದ್ದು ಬರುತ್ತದೆ. ಪಿಕಾಸೊ 1903–04ರಲ್ಲಿ ಬರೆದ ‘ಮುದುಕ ಗಿಟಾರ್ ವಾದಕ’ದಲ್ಲಿ ಬಣ್ಣದಡಿಯಿಂದ ಒಬ್ಬ ಹೆಂಗಸಿನ ಮುಖ ಬರಿಗಣ್ಣಿಗೇ ಮಸುಕಾಗಿ ಕಾಣುತ್ತದೆ. ಎಲ್ಲರೂ ಮುದುಕನ ದುಃಖದ ಬಗ್ಗೆಯೇ ಮಾತಾಡುತ್ತಾರೆ.

ಏಣನ್ನು ಉಜ್ಜುವುದೋ ಬಿಡುವುದೋ ಅನ್ನುವ ಕಡೆ ನಿಜವಾದ ತೀರ್ಮಾನ ಇರುತ್ತದೆ. ಕೆಲವು ಸೋಮಾರಿತನದಿಂದ ಉಳಿದವು. ಕೆಲವು ಬೇಕೆಂದೇ ಬಿಟ್ಟವು.

ನೋಡುವುದು ಸುಲಭ. ಚಿತ್ರಕ್ಕೆ ಎದುರಾಗಿ ನಿಲ್ಲಬೇಡಿ, ಪಕ್ಕಕ್ಕೆ ಸರಿಯಿರಿ. ಬೆಳಕು ಮೇಲ್ಮೈಗೆ ಸವರಿದಂತೆ ಓರೆಯಾಗಿ ಬೀಳುವ ಕಡೆಯಿಂದ ನೋಡಿ. ಮೇಲಿನ ಗೆರೆಗಳಿಗೆ ಸಂಬಂಧವೇ ಇಲ್ಲದ ದಿಕ್ಕಿನಲ್ಲಿ ಏಣು ಹೊರಟಿದ್ದರೆ ಅಲ್ಲಿ ಹಿಂದೆ ಬೇರೇನೋ ಇತ್ತು ಅಂತ. ಚೌಕಟ್ಟಿಲ್ಲದಿದ್ದರೆ ಕ್ಯಾನ್‌ವಾಸ್ ಮಡಚಿ ಮೊಳೆ ಹೊಡೆದ ಅಂಚನ್ನೂ ಗಮನಿಸಿ, ಮೊದಲಿನ ಬಣ್ಣಗಳು ಅಲ್ಲಿ ಹಾಗೇ ಉಳಿದಿರುತ್ತವೆ. ಕಂಡಿದ್ದನ್ನು ಹಿಡಿದುಕೊಂಡು ಬಂದು ಕೇಳಿ, ಕೂತು ಮಾತಾಡೋಣ. ಅಡಿಯಲ್ಲಿ ಮುಖ ಕಂಡರೆ ಮಾತ್ರ ಯಾರದ್ದು ಅಂತ ಕೇಳಬೇಡಿ, ಹೇಳುವುದಿಲ್ಲ.